ಕೊನೆಯ ಹದಿಮೂರು ಹೆಸರು

ಮಧುಗಿರಿಯ ಬೆಳೆಗಾರರ ಸಂಘದ ಕಚೇರಿಯಲ್ಲಿ ಚಪ್ಪಲಿ ಬಿಟ್ಟು ಹೋಗಬೇಕಾದ ಜಾಗಗಳು ಎರಡಿದ್ದವು. ಒಂದು, ದಂಡಿನ ಮಾರಮ್ಮನ ಪಟವಿದ್ದ ಮೂಲೆ. ಇನ್ನೊಂದು, ಕಂಪ್ಯೂಟರ್ ಇಟ್ಟಿದ್ದ ಕೋಣೆ. ಮಾರಮ್ಮನ ಹತ್ತಿರ ಯಾರು ಬೇಕಾದರೂ ಹೋಗಬಹುದಿತ್ತು. ಕಂಪ್ಯೂಟರಿನ ಹತ್ತಿರ ಹೋಗಲು ಮ್ಯಾನೇಜರ್ ಮಹಾಲಿಂಗಯ್ಯನವರ ಅಪ್ಪಣೆ ಬೇಕಿತ್ತು.

ಸಾವಿರದ ಒಂಬೈನೂರ ಎಂಬತ್ತಾರರ ಮಾತು. ಬೆಂಗಳೂರಿನ ಮುಖ್ಯ ಕಚೇರಿಯವರು ಹೊಸ ಯಂತ್ರ ಕೊಂಡು, ಹಳೆಯದನ್ನು ಲಾರಿಗೆ ಹಾಕಿ ಮಧುಗಿರಿಗೆ ಕಳಿಸಿದ್ದರು. ಬಂದ ದಿನ ಮಹಾಲಿಂಗಯ್ಯನವರು ಅದಕ್ಕೆ ಕುಂಕುಮ ಇಟ್ಟು, ಹೂವು ಮುಡಿಸಿ, ಕಾಯಿ ಒಡೆಸಿದರು. ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಡುವುದು ಪದ್ಧತಿ. ಇದಕ್ಕೆ ಚಕ್ರವಿಲ್ಲ. ಕೊನೆಗೆ ಮೇಜಿನ ನಾಲ್ಕು ಕಾಲಿನ ಕೆಳಗೆ ನಾಲ್ಕು ಹಣ್ಣು ಇಟ್ಟು ಮೇಜನ್ನೇ ಎತ್ತಿ ಇಳಿಸಿದರು. ಮೂರು ಹಣ್ಣು ಅಪ್ಪಚ್ಚಿಯಾದವು. ನಾಲ್ಕನೆಯದು ಉರುಳಿ ಕಪಾಟಿನಡಿ ಸೇರಿತು. ಅದನ್ನು ಯಾರೂ ಹುಡುಕಲಿಲ್ಲ.

ಯಂತ್ರ ಬಂತು, ನಡೆಸುವವರು ಬೇಕಲ್ಲ. ಕಾಯಂ ಗುಮಾಸ್ತರಲ್ಲಿ ಒಬ್ಬರು ಅದರ ಬೆಳಕು ಕಣ್ಣಿಗೆ ಕೆಟ್ಟದ್ದೆಂದರು. ಇನ್ನೊಬ್ಬರು ಹೊಸದಾಗಿ ಮದುವೆಯಾದವರು. ಅದರ ಮುಂದೆ ಕೂತರೆ ಮಕ್ಕಳಾಗುವುದಿಲ್ಲವೆಂದು ಯಾರೋ ಹೇಳಿದ್ದರು. ಹಾಗಾಗಿ ಬೆಂಗಳೂರಿನ ಹತ್ತು ದಿನದ ತರಬೇತಿಗೆ ಹೋದವಳು ದಿನಗೂಲಿ ಟೈಪಿಸ್ಟ್ ಈಶ್ವರಮ್ಮ.

ಈಶ್ವರಮ್ಮ ಸಿರಾ ತಾಲ್ಲೂಕಿನ ತಾವರೆಕೆರೆಯ ಕಾಲೋನಿಯಲ್ಲಿ ಹುಟ್ಟಿದವಳು. ಎಸ್ಸೆಸ್ಸೆಲ್ಸಿ ಆಗಿತ್ತು, ಟೈಪಿಂಗ್ ಸೀನಿಯರ್ ಆಗಿತ್ತು. ಮಧುಗಿರಿಯಲ್ಲಿ ತಾಯಿ ಓಬಳಮ್ಮನ ಜೊತೆ ನಮ್ಮ ಮನೆಯ ಪಕ್ಕದ ಒಂದಂಕಣದ ಮನೆಯಲ್ಲಿ ಬಾಡಿಗೆಗಿದ್ದಳು. ಸಂಜೆ ನಾನು ದೀಪ ಹಚ್ಚಿ ಜಗಲಿಗೆ ಬಂದರೆ ಅವಳೂ ಬಂದು ಕೂರುತ್ತಿದ್ದಳು. ಹೇಳುವುದು ಅವಳ ಕೆಲಸ, ಕೇಳುವುದು ನನ್ನದು. ಹೀಗೆ ಕೇಳಿ ಕೇಳಿಯೇ ನನಗೆ ಈ ಕಥೆ ಗೊತ್ತು.

ತರಬೇತಿಯಲ್ಲಿ ಅವಳಿಗೆ ಕಲಿಸಿದ್ದು ಗುಂಡಿ ಒತ್ತುವುದನ್ನು ಮಾತ್ರ. ಬರುವಾಗ ಅಲ್ಲಿ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಎರಡು ದಪ್ಪ ಪುಸ್ತಕಗಳನ್ನು ಕೇಳಿ ತಂದಿದ್ದಳು. ಒಂದು ವರ್ಷ, ರಾಗಿ ಬೀಸುವವರು ಹಾಡು ಗುನುಗುವ ಹಾಗೆ, ಅವನ್ನು ಗುನುಗಿದಳು. ಆ ಯಂತ್ರ ಹೆಸರುಗಳನ್ನು ಇಟ್ಟುಕೊಳ್ಳುತ್ತಿದ್ದುದು ಫ್ಲಾಪಿಯ ಮೇಲೆ. ಆಮೇಲೆ ಬಂದ ಪುಟಾಣಿ ಫ್ಲಾಪಿಯಲ್ಲ, ಎಂಟಂಗುಲದ್ದು, ದೋಸೆಯಷ್ಟು ಅಗಲ. ಅದನ್ನು ತಿರುಗಿಸಲು ಬೇರೆ ಪೆಟ್ಟಿಗೆ. ಯಂತ್ರಕ್ಕೂ ಆ ಪೆಟ್ಟಿಗೆಗೂ ನಡುವೆ ನಿಂತು ಸಾಮಾನು ಸಾಗಿಸುವ ಒಂದು ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಆ ಡ್ರೈವರ್ ಸಾಮಾನನ್ನು ಒಂದು ಗಳಿಗೆ ಇಟ್ಟುಕೊಳ್ಳುವ ಜಾಗಕ್ಕೆ ಬಫರ್ ಎನ್ನುತ್ತಾರೆ.

ಹಳೆಯ ಡ್ರೈವರಿನ ಬಫರಿನಲ್ಲಿ ಹಿಡಿಯುತ್ತಿದ್ದುದು ಒಂದೇ ಹೆಸರು. ಒಂದು ಹೆಸರು ಹೊಡೆದರೆ ಪೆಟ್ಟಿಗೆ ಕಟಕಟ ಎಂದು ಬರೆದುಕೊಳ್ಳುತ್ತಿತ್ತು. ಇನ್ನೊಂದು ಹೊಡೆದರೆ ಮತ್ತೆ ಕಟಕಟ. ಒಂದು ಊರಿನ ರೈತರ ಪಟ್ಟಿ ತುಂಬಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಎಂಬತ್ತೇಳರ ಬೇಸಿಗೆಯಲ್ಲಿ ರಿಯಾಯಿತಿ ದರದ ಬಿತ್ತನೆ ಕಡಲೆಕಾಯಿ ಹಂಚುವ ಕೆಲಸ ಸಂಘಕ್ಕೆ ಬಂತು. ಕಂಪ್ಯೂಟರ್ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಚೀಟಿ, ಚೀಟಿ ಇದ್ದವರಿಗೆ ಮಾತ್ರ ಬೀಜ ಎಂದು ಆದೇಶವಾಯಿತು. ನಲವತ್ತು ಊರು. ಆರಿದ್ರಾ ಮಳೆಗೆ ಮೊದಲು ಮುಗಿಯಬೇಕು. ಕಟಕಟ ಎನ್ನುತ್ತಾ ಕೂತರೆ ಆಗದು ಎಂದು, ಯಂತ್ರ ನೋಡಿಕೊಳ್ಳುತ್ತಿದ್ದ ಕಂಪನಿಯ ಎಂಜಿನಿಯರ್ ಡ್ರೈವರನ್ನು ತಿದ್ದಿ ಕಳಿಸಿದ. ಇನ್ನು ಮೇಲೆ ಬಫರಿನಲ್ಲಿ ಹದಿನಾರು ಹೆಸರು ಕೂಡಿಹಾಕುವುದು. ಹದಿನಾರು ತುಂಬಿದ ಮೇಲೆ ಒಟ್ಟಿಗೆ ಬರೆಯುವುದು. ತಿದ್ದಿದ ಸಾಲುಗಳು ನಾಲ್ಕು ಹಾಳೆ. ಜೊತೆಗೆ, ಇದನ್ನು ಸ್ಥಳೀಯವಾಗಿ ಪರಿಶೀಲಿಸಿ ರುಜು ಮಾಡಿ ಕಳಿಸತಕ್ಕದ್ದು ಎಂಬ ಒಂದು ನಮೂನೆ.

ಪರಿಶೀಲನೆ ಎಂದ ಮೇಲೆ ಸಮಿತಿ ಆಗಬೇಕು. ಮಹಾಲಿಂಗಯ್ಯನವರು, ಹೆಡ್ ಗುಮಾಸ್ತರು, ಗೋದಾಮಿನ ಮೇಲ್ವಿಚಾರಕರು, ಮೂವರ ಸಮಿತಿ ಆಯಿತು. ಸಭೆ ಒಂದೂಕಾಲು ಗಂಟೆ ನಡೆಯಿತು. ಟೀ ಬಂತು, ಹುರಿದ ಕಡಲೆಕಾಯಿ ಬಂತು. ನಾಲ್ಕು ಹಾಳೆಯೂ ಇವೆಯೇ ಎಂದು ಹೆಡ್ ಗುಮಾಸ್ತರು ಎಣಿಸಿದರು. ಎಡಗಡೆ ಅಂಚು ಸಾಲದು, ಫೈಲಿಗೆ ತೂತು ಹೊಡೆದರೆ ಅಕ್ಷರ ಹೋಗುತ್ತದೆ ಎಂದು ಮೇಲ್ವಿಚಾರಕರು ಆಕ್ಷೇಪಣೆ ಬರೆಸಿದರು. ಪ್ರತಿ ಹಾಳೆಗೂ ಮೊಹರು ಬಿತ್ತು. ಕಡಲೆಕಾಯಿ ಸಿಪ್ಪೆ ಬಳಿಯುವಾಗ ಒಂದು ಹಾಳೆ ಅದರ ಜೊತೆ ಕಸದ ಬುಟ್ಟಿಗೆ ಹೋಗುವುದರಲ್ಲಿತ್ತು. ಅಟೆಂಡರ್ ಚಿಕ್ಕನರಸಯ್ಯ ನೋಡಿ ಎತ್ತಿಕೊಂಡ. ನಮೂನೆಯ ಕೊನೆಯಲ್ಲಿ "ಯಂತ್ರ ನಡೆಸುವವರ ರುಜು" ಎಂಬ ಒಂದು ಸಾಲಿತ್ತು. ಆ ಒಂದು ಸಾಲಿಗಾಗಿ ಕಾಗದ ಈಶ್ವರಮ್ಮನ ಮೇಜಿಗೆ ಬಂತು.

"ಇಲ್ಲೊಂದು ಸೈನ್ ಮಾಡಮ್ಮ" ಎಂದರು ಮಹಾಲಿಂಗಯ್ಯನವರು.

"ಓದಿ ಮಾಡ್ತೀನಿ ಸಾರ್."

"ಓದೋದಾ? ನಾವು ಮೂವರು ಸೈನ್ ಮಾಡಿದೀವಿ. ನಮ್ಮಲ್ಲಿ ಯಾರಾದ್ರೂ ಓದಿದ್ವಾ?"

ಅವಳು ಆ ನಾಲ್ಕು ಹಾಳೆಯನ್ನು ಮನೆಗೆ ತಂದು, ಹಳೆಯ ಪ್ರೋಗ್ರಾಮಿನ ಹಾಳೆಗಳನ್ನು ಪಕ್ಕದಲ್ಲಿಟ್ಟುಕೊಂಡು, ಆರು ದಿನ ಒಂದೊಂದು ಸಾಲೂ ಬೆರಳಿಟ್ಟು ಓದಿದಳು. ಹದಿನಾರು ತುಂಬಿದಾಗ ಬರೆಯುವ ಸಾಲುಗಳು ಚೆನ್ನಾಗಿದ್ದವು. ಆದರೆ ಪಟ್ಟಿ ಮುಗಿಸಿ ಫ್ಲಾಪಿ ಮುಚ್ಚುವ ಕಡೆ ಹಳೆಯ ಸಾಲುಗಳೇ ಇದ್ದವು, ಒಂದಕ್ಷರವೂ ತಿದ್ದಿರಲಿಲ್ಲ. ಒಂದೇ ಹೆಸರು ಹಿಡಿಯುವ ಕಾಲದಲ್ಲಿ ಮುಚ್ಚುವಾಗ ಬಫರಿನಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಈಗ ಹದಿನಾರು ತುಂಬದೆ ಪಟ್ಟಿ ಮುಗಿದರೆ, ಉಳಿದವರನ್ನು ಬರೆದು ಮುಗಿಸು ಎಂದು ಹೇಳುವ ಸಾಲೇ ಇಲ್ಲ. ಆ ಹೆಸರುಗಳು ಬಫರಿನಲ್ಲೇ ಕೂತು, ಯಂತ್ರ ಆರಿಸಿದ ಕೂಡಲೇ ಇಲ್ಲವಾಗುತ್ತವೆ.

ಅದನ್ನು ಅವಳು ನಮ್ಮ ಜಗಲಿಯ ಮೇಲೆ ಹೇಳಿದಾಗ ನನಗಿಂತ ಮೊದಲು ಅರ್ಥವಾದದ್ದು ಓಬಳಮ್ಮನಿಗೆ.

"ಅಯ್ಯೋ, ಮಿಲ್ಲಿನ ಬಟ್ಟೆ ಕೊಡವಿಲ್ಲ ಅನ್ನು!" ಎಂದಳು ಓಬಳಮ್ಮ.

ಹಿಟ್ಟಿನ ಮಿಲ್ಲಿಗೆ ಹೋದವರಿಗೆಲ್ಲ ಇದು ಗೊತ್ತು. ರಾಗಿ ಹುಯ್ದದ್ದೆಲ್ಲ ತಕ್ಷಣ ಹಿಟ್ಟಾಗಿ ಬರುವುದಿಲ್ಲ. ಕಲ್ಲಿನ ನಡುವೆ, ಹಿಟ್ಟು ಇಳಿಯುವ ಬಟ್ಟೆಯ ಕೊಳವೆಯೊಳಗೆ ಒಂದೆರಡು ಪಾವು ನಿಂತಿರುತ್ತದೆ. ಹಿಂದಿನಿಂದ ಇನ್ನೊಬ್ಬರ ರಾಗಿ ಬಿದ್ದರೆ ಅದು ಮುಂದೆ ತಳ್ಳುತ್ತದೆ. ಎಲ್ಲರಿಗಿಂತ ಕೊನೆಗೆ ನಿಂತವರಿಗೆ ಹಿಂದಿನಿಂದ ತಳ್ಳುವವರಿಲ್ಲ. ಓಬಳಮ್ಮನ ಊರಿನಲ್ಲಿ ಕಾಲೋನಿಯವರ ರಾಗಿಯನ್ನು ಎಲ್ಲರದೂ ಆದ ಮೇಲೆ, ಕೊನೆಗೇ ಹಾಕುತ್ತಿದ್ದರು. ಬೇರೆಯವರ ಹಿಟ್ಟಿಗೆ ಬೆರೆಯಬಾರದೆಂದು. ಯಂತ್ರದಲ್ಲಿ ಉಳಿದ ಇವರ ಹಿಟ್ಟು ಮಾತ್ರ ಮಾರನೆಯ ಬೆಳಿಗ್ಗೆ ಮೊದಲು ಬಂದವರ ಡಬ್ಬಿಗೆ ಯಾವ ಮೈಲಿಗೆಯೂ ಇಲ್ಲದೆ ಇಳಿಯುತ್ತಿತ್ತು. ಓಬಳಮ್ಮ ದೂರದಲ್ಲಿ ನಿಂತೇ "ಬಟ್ಟೆ ಕೊಡವಪ್ಪೋ, ಬಡೀ ಅದ್ನ!" ಎಂದು ಕೂಗಿ ಕೂಗಿ, ಕೊಡವಿಸಿಕೊಂಡೇ ಬರುತ್ತಿದ್ದಳು.

ಈಶ್ವರಮ್ಮ ಒಂದು ಹಾಳೆಯ ಟಿಪ್ಪಣಿ ಬರೆದಳು. ಮುಚ್ಚುವ ಮೊದಲು ಬಫರಿನಲ್ಲಿ ಉಳಿದದ್ದನ್ನು ಬರೆಯಿಸುವ ಹನ್ನೊಂದು ಸಾಲುಗಳನ್ನೂ ತಾನೇ ಬರೆದು ಸೇರಿಸಿದಳು. ಮಹಾಲಿಂಗಯ್ಯನವರು ಅದನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿದರು.

"ಕಂಪನಿಯೋರು ತಪ್ಪು ಮಾಡಿದಾರೆ ಅಂತ ದಿನಗೂಲಿ ಟೈಪಿಸ್ಟ್ ಬರೆಯೋದು. ಅದನ್ನ ನಾನು ಮೇಲಕ್ಕೆ ಕಳ್ಸೋದು. ಚೆನ್ನಾಗಿದೆ."

"ಒಂದ್ಸಲ ಟ್ರಯಲ್ ನೋಡ್ಬಿಡಿ ಸಾರ್."

ಟ್ರಯಲ್ ನಡೆಯಿತು. ಕಚೇರಿಯ ಸಿಬ್ಬಂದಿಯ ಹೆಸರನ್ನೇ ತುಂಬಿಸುವುದೆಂದು ತೀರ್ಮಾನವಾಯಿತು. ಯಾವ ಪಟ್ಟಿಯೇ ಆಗಲಿ, ಮೊದಲು ದೇವರ ಹೆಸರು ಹೊಡೆಯುವುದು ಅಲ್ಲಿನ ಪದ್ಧತಿ. ಕಾಗದದ ತಲೆಯ ಮೇಲೆ ಶ್ರೀ ಬರೆಯುವವರಿಗೆ ಕಂಪ್ಯೂಟರ್ ಪಟ್ಟಿಯ ತಲೆ ಬೋಳಾಗಿರುವುದು ಸರಿಕಾಣಲಿಲ್ಲ. ಆದರೆ ಆ ಯಂತ್ರ ತಂದೆಯ ಹೆಸರು, ಜಮೀನಿನ ವಿಸ್ತೀರ್ಣ ಕೊಡದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಆಂಜನೇಯಸ್ವಾಮಿ ಇರುವ ಊರುಗಳಲ್ಲಿ, ತಂದೆ ವಾಯುದೇವರು, ಜಮೀನು ಸೊನ್ನೆ ಎಂದು ತುಂಬುತ್ತಿದ್ದರು. ಮಾರಮ್ಮನ ತಂದೆಯ ಹೆಸರು ಸಮಿತಿಯಲ್ಲಿ ಯಾರಿಗೂ ತಿಳಿಯದೆ, "ಮಾಹಿತಿ ಬಂದಿಲ್ಲ" ಎಂದು ಹಾಕಿದ್ದರು.

ಮೊದಲು ಶ್ರೀ ದಂಡಿನ ಮಾರಮ್ಮ. ಆಮೇಲೆ ಮ್ಯಾನೇಜರಿಂದ ಹಿಡಿದು ಅಟೆಂಡರ್‌ವರೆಗೆ. ಪಟ್ಟಿ ಮುಚ್ಚಿದರು, ತೆರೆದರು. ಎಲ್ಲ ಹೆಸರೂ ಇದ್ದವು. ಕೊನೆಯ ಚಿಕ್ಕನರಸಯ್ಯನೂ ಇದ್ದ.

"ಎಲ್ಲಮ್ಮ ಹೋಗಿರೋರು? ನಿನ್ನ ತಲೇಲಿ ಹೋಗಿದಾರೆ" ಎಂದು ಹೆಡ್ ಗುಮಾಸ್ತರು ನಕ್ಕರು. ಮಹಾಲಿಂಗಯ್ಯನವರು ಟಿಪ್ಪಣಿಯನ್ನು ಮಡಚಿ, ಒಡೆದುಹೋಗಿದ್ದ ಕಿಟಕಿಯ ಗಾಜಿಗೆ ಅಡ್ಡ ಇಟ್ಟರು.

ಈಶ್ವರಮ್ಮನ ಮುಖ ಸಣ್ಣದಾಯಿತು. ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಸಿಬ್ಬಂದಿ ಹದಿನೈದು ಜನ. ಮಾರಮ್ಮ ಸೇರಿ ಹದಿನಾರು. ಬಫರ್ ಸರಿಯಾಗಿ ತುಂಬಿ ತಾನಾಗಿಯೇ ಬರೆದುಕೊಂಡಿತ್ತು. ಮಾರಮ್ಮತಾಯಿ ಇಲ್ಲದಿದ್ದರೆ ಹದಿನೈದು ಜನವೂ ಹೋಗಿರುತ್ತಿದ್ದರು, ಮ್ಯಾನೇಜರೂ ಸೇರಿ. ಬೆಳಿಗ್ಗೆ ಹೋಗಿ, ದೇವರ ಹೆಸರು ತೆಗೆದು ಇನ್ನೊಮ್ಮೆ ನೋಡೋಣವೆಂದಳು.

ಮಹಾಲಿಂಗಯ್ಯನವರು ಎದ್ದು ನಿಂತರು. "ಮಾರಮ್ಮನ್ನ ತೆಗೀಬೇಕಾ? ಈ ಕಚೇರೀಲಿ? ನೀನು ಹೇಳ್ತಿರೋದೇನು ಅಂತ ನಿನಗೆ ಗೊತ್ತಾ?"

"ತೆಗೀದಿದ್ರೆ ಇನ್ನೊಬ್ಬರನ್ನ ಸೇರಿಸಿ ನೋಡಾಣ ಸಾರ್."

"ಇಲ್ಲದ ಸಿಬ್ಬಂದಿನ ಸೇರಿಸಿ ಆಡಿಟ್‌ನಲ್ಲಿ ನಾನು ಸಿಕ್ಕಿಹಾಕ್ಕೊಳ್ಳಲಾ? ಪ್ರಯೋಗ ಯಶಸ್ವಿ ಅಂತ ಬರೆದಾಗಿದೆ. ಪಟ್ಟಿ ಕೆಲಸ ಶುರು ಮಾಡು. ಮುಗಿಯೋದ್ರೊಳಗೆ ಸೈನ್ ಬರ್ಬೇಕು. ದಿನಗೂಲಿ ಅಂದ್ರೆ ಗೊತ್ತಲ್ಲ, ಇವತ್ತಿನ ದಿನ ಇವತ್ತಿಗೆ."

ದೇವರ ಹೆಸರು ಮೊದಲು ಬರೆಯುವುದು ತಪ್ಪೆಂದು ನಾನು ಹೇಳಲಾರೆ. ನಾನೂ ದಿನಸಿ ಚೀಟಿಗೆ ಶ್ರೀ ಹಾಕಿಯೇ ಬರೆಯುತ್ತೇನೆ. ಆದರೆ ನಮ್ಮ ಲೆಕ್ಕದ ತೂತಿಗೆ ತಾಯಿಯನ್ನು ತಂದು ಬಿರಡೆಯಾಗಿ ಇಟ್ಟು, ಆಮೇಲೆ ಕೈಮುಗಿಯುವುದು ಭಕ್ತಿಯೋ ಏನೋ.

ಮೊದಲು ಬಂದ ಪಟ್ಟಿ ಬಡವನಹಳ್ಳಿ ಕಡೆಯ ತಗ್ಗಿನಕಟ್ಟೆಯದು. ಸಂಘದ ಅಧ್ಯಕ್ಷ ಕಾಡಸಿದ್ದಪ್ಪನವರ ಸ್ವಂತ ಊರು. ಊರಿನ ಹೆಸರು ಬರೆಯುವ ಕ್ರಮ ಎಲ್ಲ ಕಡೆ ಒಂದೇ. ಮೊದಲು ದೇವರು. ಆಮೇಲೆ ಗುಡಿ ಬೀದಿ. ಆಮೇಲೆ ನಡುಬೀದಿ, ಕೆಳಗಿನ ಬೀದಿ. ಆಮೇಲೆ ಕಾಲೋನಿ. ಎಲ್ಲ ಮುಗಿದು ಕಾಗದದಲ್ಲಿ ಜಾಗ ಉಳಿದಿದ್ದರೆ ಊರಾಚೆಯ ಕುರಿಯವರ ಹಟ್ಟಿ. ದೇವರೂ ಸೇರಿ ನೂರ ನಲವತ್ತೊಂದು ಹೆಸರು. ಮುಚ್ಚಿ ತೆರೆದರೆ ನೂರ ಇಪ್ಪತ್ತೆಂಟು. ಹದಿಮೂರು ಇಲ್ಲ. ಹಟ್ಟಿಯ ಹನ್ನೊಂದು ಮನೆ, ಪಟ್ಟಿಯಲ್ಲಿ ಅದಕ್ಕೆ ಮುಂಚೆ ಇದ್ದ ಕಾಲೋನಿಯ ಕೊನೆಯ ಎರಡು ಮನೆ.

ಈಶ್ವರಮ್ಮ ತೋರಿಸಿದಳು. ಹದಿಮೂರು ಹೆಸರು ಹೊಡೆಯುವುದನ್ನು ನೀನೇ ಮರೆತಿರಬೇಕೆಂದು ಮಹಾಲಿಂಗಯ್ಯನವರು ಹೇಳಿದರು. ಅವಳು ಎದುರಿಗೇ ಮತ್ತೆ ಹೊಡೆದಳು. ಮತ್ತೆ ಹದಿಮೂರು ಇಲ್ಲ. ಇನ್ನೂ ಏಳು ಊರಿನ ಪಟ್ಟಿ ಮಾಡಿದಳು. ಒಂದರಲ್ಲಿ ನಾಲ್ಕು, ಒಂದರಲ್ಲಿ ಹದಿನೈದು, ಹೋದವರೆಲ್ಲ ಕಾಲೋನಿಯವರು, ಹಟ್ಟಿಯವರು. ಆಗ ಮಹಾಲಿಂಗಯ್ಯನವರಿಗೆ ನಿಜವಾಗಿ ಸಮಾಧಾನವಾಯಿತು.

"ನೋಡು, ಯಂತ್ರ ಕೆಟ್ಟಿದ್ರೆ ಯಾರ ಹೆಸರು ಬೇಕಾದ್ರೂ ಹೋಗ್ಬೇಕಿತ್ತು. ಇದು ಪದ್ಧತಿ ಪ್ರಕಾರವೇ ಹೋಗ್ತಿದೆ. ಕೊನೆಯೋರಿಗೆ ಎಲ್ಲ ಕಡೆ ಸ್ವಲ್ಪ ಹೆಚ್ಚುಕಮ್ಮಿ ಆಗೋದೇ. ಅರ್ಜಿ ಕೊಡಲಿ, ಮುಂದಿನ ವರ್ಷಕ್ಕೆ ನೋಡೋಣ."

ಕರಡು ಪಟ್ಟಿ ನೋಟೀಸ್ ಬೋರ್ಡಿಗೆ ಬಿದ್ದ ಮೂರನೆಯ ದಿನ ತಗ್ಗಿನಕಟ್ಟೆಯ ಹಟ್ಟಿಯಿಂದ ಕ್ಯಾತಮ್ಮ ನಡೆದು ಬಂದಳು. ಅರವತ್ತು ದಾಟಿದ ಹೆಂಗಸು, ಹೆಗಲ ಮೇಲೆ ಕಂಬಳಿ. ಎರಡೆಕರೆ ಹದಮಾಡಿ ಬೀಜಕ್ಕೆ ಕಾಯುತ್ತಿದ್ದಳು. ಚಿಕ್ಕನರಸಯ್ಯ ಬೋರ್ಡಿನ ಮುಂದೆ ನಿಂತು ಓದಿ, ನಿನ್ನ ಹೆಸರಿಲ್ಲ ಎಂದಿದ್ದ. ಅವಳು ಕಂಪ್ಯೂಟರ್ ಕೋಣೆಯ ಹೊಸ್ತಿಲಾಚೆ ಕೂತಳು.

"ನಮ್ಮ ಹಟ್ಟಿ ಹೆಸ್ರು ನಿನ್ನ ಮಿಸೀನಿಗೆ ಜೀರ್ಣ ಆಗಾಕಿಲ್ವೇನವ್ವ?"

"ನುಂಗ್ತೈತೆ ಕಣಜ್ಜಿ, ಈಚೆಗೆ ಬುಡಾಕಿಲ್ಲ" ಎಂದಳು ಈಶ್ವರಮ್ಮ.

"ಹಂಗಾರೆ ಹಸು ಹೊಟ್ಟೆ ಉಬ್ಬರ್ಸಿದಂಗೆ. ಎಣ್ಣೆ ಹುಯ್ಯಿ, ಬುಡ್ತೈತೆ." ಕ್ಯಾತಮ್ಮ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಆರಿದ್ರ ಹುಟ್ಟಾಕೆ ಇನ್ನೆಷ್ಟು ದಿನ ಐತೆ?" ಎಂದಳು.

"ಹನ್ನೆರಡು ದಿನ."

"ಬೀಜ ಇಲ್ದಿದ್ರೆ ಈ ಸಲ ಹೊಲ ಬೀಳು ಕಣಮ್ಮ. ನಮಗೆ ಮುಂದಿನ ವರ್ಸ ಅಂದ್ರೆ ಹೆಂಗೆ? ಮಳೆ ಈ ವರ್ಸುದ್ದು."

ಆ ಸಂಜೆ ಈಶ್ವರಮ್ಮ ಜಗಲಿಯ ಮೇಲೆ ಕೂತು ಲೆಕ್ಕ ಹಾಕಿದಳು. ಹೊಸ ಡ್ರೈವರಿನಲ್ಲಿ ತಾನೇ ಹನ್ನೊಂದು ಸಾಲು ಸೇರಿಸಿಬಿಡಬಹುದು. ಆದರೆ ಕಂಪನಿಯ ಪ್ರೋಗ್ರಾಮು ಮುಟ್ಟಿದಳೆಂದು ಅವತ್ತೇ ಹೊರಗೆ ಹಾಕುತ್ತಾರೆ, ಮಾರನೆಯ ದಿನ ಕಂಪನಿಯದನ್ನೇ ಮತ್ತೆ ಹಾಕಿಕೊಳ್ಳುತ್ತಾರೆ. ಹಟ್ಟಿಗೆ ಬೀಜ ಸಿಕ್ಕುವುದಿಲ್ಲ. ಓಬಳಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹೇಳಿದಳು: "ಮಿಲ್ಲಿನೋನು ನಾನು ಕೂಗಿದ್ದಕ್ಕೆ ಕೊಡವ್ತಿದ್ದ ಅಂದ್ಕೊಂಡಿದೀಯಾ? ಒಂದಿನ ಕರೆಂಟು ಹೋಗಿ ಗೌಡರ ಮನೆ ಹಿಟ್ಟು ಅದ್ರಾಗೆ ಉಳ್ಕೊಂಡಿತ್ತು. ಅವತ್ತಿಂದ ದೊಣ್ಣೆ ಮಡಗ್ದ ಬಡಿಯಾಕೆ."

ಮಾರನೆಯ ದಿನ ಈಶ್ವರಮ್ಮ ತಗ್ಗಿನಕಟ್ಟೆಯ ಪಟ್ಟಿಯನ್ನು ಹೊಸದಾಗಿ ಹೊಡೆದಳು. ಒಂದು ಹೆಸರೂ ಬಿಡಲಿಲ್ಲ, ಒಂದಕ್ಷರವೂ ಬದಲಿಸಲಿಲ್ಲ. ಕೆಳಗಿನಿಂದ ಮೇಲಕ್ಕೆ ಹೊಡೆದಳು, ಅಷ್ಟೆ. ಮೊದಲು ಕ್ಯಾತಮ್ಮ, ಆಮೇಲೆ ಹಟ್ಟಿ, ಕಾಲೋನಿ, ಕೆಳಗಿನ ಬೀದಿ, ನಡುಬೀದಿ, ಗುಡಿ ಬೀದಿ, ಕೊನೆಗೆ ದೇವರು. ಪಟ್ಟಿ ಯಾವ ತುದಿಯಿಂದ ಶುರುವಾಗಬೇಕೆಂದು ಆದೇಶದಲ್ಲಿ ಬರೆದಿರಲಿಲ್ಲ. ದೇವರ ಹೆಸರು ಕೊನೆಗೆ ಹೊಡೆಯುವಾಗ ಮೂಲೆಯ ಪಟದ ಕಡೆ ತಿರುಗಿ ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡಳಂತೆ. ಪ್ರಿಂಟ್ ತೆಗೆದು ಚಿಕ್ಕನರಸಯ್ಯನ ಕೈಗೆ ಕೊಟ್ಟಳು. ಅವನು ಹಳೆಯ ಪಟ್ಟಿ ಕಿತ್ತು, ಮೈದಾ ಅಂಟು ಬಳಿದು, ಹೊಸದನ್ನು ಹಚ್ಚಿದ.

ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರ ಜೀಪು ಬಂತು. ಹಿಂದೆ ಇನ್ನೊಂದು. ಅಧ್ಯಕ್ಷರೂ ಸೇರಿ ಗುಡಿ ಬೀದಿಯ ಹನ್ನೆರಡು ಮನೆಯವರು ಅವೆರಡರಲ್ಲಿದ್ದರು.

"ಮಹಾಲಿಂಗಯ್ಯ! ಆಂಜನೇಯಸ್ವಾಮಿ ಎಲ್ಲಯ್ಯ?" ಕಾಡಸಿದ್ದಪ್ಪನವರ ಕೂಗು ಬಸ್ ಸ್ಟ್ಯಾಂಡಿಗೆ ಕೇಳುವಂತಿತ್ತು. "ಊರ ದೇವರನ್ನೇ ಪಟ್ಟಿಯಿಂದ ಎತ್ತಿಹಾಕಿದೀರಾ?"

ಮಹಾಲಿಂಗಯ್ಯನವರು ಬೋರ್ಡಿನ ಹತ್ತಿರ ಓಡಿದರು. ಸ್ವಾಮಿ ಇರಲಿಲ್ಲ. ಹನ್ನೆರಡು ಮನೆಯೂ ಇರಲಿಲ್ಲ.

"ನನ್ನ ಹೆಸರು ಬಿಟ್ಟೋಗಿರೋದಕ್ಕೆ ನಾನು ಬೇಜಾರು ಮಾಡ್ಕೊಂಡಿಲ್ಲ" ಎಂದರು ಅಧ್ಯಕ್ಷರು. "ನನ್ನ ತಮ್ಮನ ಹೆಸರು ಹೋಗ್ಲಿ. ನಮ್ಮ ಭಾವನ ಹೆಸರೂ ಹೋಗ್ಲಿ. ನಮಗೇನು, ಆರು ಮೂಟೆ ಬೀಜ. ಆದ್ರೆ ದೇವರು! ದೇವರ ಹೆಸರು ಹೋಗಿರೋದು ನನಗೆ ತಡ್ಕಳ್ಳಾಕೆ ಆಗ್ತಿಲ್ಲ!"

ಹಿಂದೆ ನಿಂತಿದ್ದ ಹನ್ನೊಂದು ಜನಕ್ಕೂ ತಡೆದುಕೊಳ್ಳಲು ಆಗುತ್ತಿರಲಿಲ್ಲ. ತಮ್ಮ ತಮ್ಮ ಮೂಟೆಯ ಮಾತನ್ನು ಒಬ್ಬರೂ ಎತ್ತಲಿಲ್ಲ. ಎಲ್ಲರೂ ಸ್ವಾಮಿಯ ಬಗ್ಗೆಯೇ ಕೇಳಿದರು. ಸೊನ್ನೆ ಎಕರೆಯ ಒಬ್ಬ ಸದಸ್ಯನ ಮೇಲೆ ಅಷ್ಟು ಜನರಿಗೆ ಅಷ್ಟು ಪ್ರೀತಿ ಹಿಂದೆ ಯಾವತ್ತೂ ಕಂಡಿರಲಿಲ್ಲ ಎಂದು ಚಿಕ್ಕನರಸಯ್ಯ ಆಮೇಲೆ ಹೇಳುತ್ತಿದ್ದ.

ಈಶ್ವರಮ್ಮನನ್ನು ಕರೆಸಿದರು. "ಎಲ್ಲಾರ್ನೂ ಹೊಡ್ದಿದೀನಿ ಸ್ವಾಮಿ" ಎಂದಳು. "ಹದಿನಾರು ತುಂಬದೆ ಉಳಿದೋರು ಬಫರ್‌ನಲ್ಲೇ ನಿಂತ್ಕೊಂಡವ್ರೆ. ಮೊದಲು ಹಟ್ಟಿಯೋರು ನಿಂತಿದ್ರು. ಈಗ ತಾವು ನಿಂತಿದೀರಿ, ದೇವರ ಜೊತೇಲಿ. ನಾನು ಬರೆದುಕೊಟ್ಟಿದ್ದೆ."

"ಎಲ್ಲಿ ಬರೆದುಕೊಟ್ಟಿದ್ದೆ?"

ಅವಳು ಕಿಟಕಿಯ ಕಡೆ ನೋಡಿದಳು. ಮಹಾಲಿಂಗಯ್ಯನವರು ತಾವೇ ಹೋಗಿ ಆ ಕಾಗದವನ್ನು ಬಿಡಿಸಿ ತಂದು, "ಇದು ನನ್ನ ಗಮನದಲ್ಲೇ ಇತ್ತು ಸಾರ್. ಪರಿಶೀಲನೇಲಿ ನಾನೇ ಹಿಡಿದಿದ್ದೆ. ಮೇಲಕ್ಕೆ ಕಳಿಸೋದ್ರಲ್ಲಿದ್ದೆ" ಎಂದರು.

ಎರಡು ವಾರದಿಂದ ಕೆಟ್ಟಿದ್ದ ಟ್ರಂಕ್ ಕಾಲ್ ಲೈನು ಹತ್ತೇ ನಿಮಿಷದಲ್ಲಿ ಸಿಕ್ಕಿತು. ಸಂಜೆಗೆ ಎಂಜಿನಿಯರ್ ಬಂದಿಳಿದ. ಚಿಕ್ಕವನು, ಸಭ್ಯ. ಟಿಪ್ಪಣಿ ಓದಿ ಮುಖ ಕೆಂಪಗೆ ಮಾಡಿಕೊಂಡು, "ಇದನ್ನ ಬರೆದೋರು ಯಾರು?" ಎಂದು ಕೇಳಿದ. "ನಮ್ಮ ಸಮಿತಿ" ಎಂದರು ಮಹಾಲಿಂಗಯ್ಯನವರು. ಅವನು ಆ ಹನ್ನೊಂದು ಸಾಲುಗಳನ್ನು ಇದ್ದ ಹಾಗೆಯೇ ಸೇರಿಸಿದ. ಈ ಸಲ ಈಶ್ವರಮ್ಮ ಹದಿನೈದು ಹೆಸರಿಂದ ನೋಡಿದಳು, ಹದಿನೇಳರಿಂದ ನೋಡಿದಳು, ಒಂದೇ ಹೆಸರಿಂದಲೂ ನೋಡಿದಳು. ಬಫರಿನಲ್ಲಿ ಒಂದೂ ಉಳಿಯಲಿಲ್ಲ, ಎಲ್ಲ ಫ್ಲಾಪಿಗೆ ಹೋಗಿದ್ದವು. ಆಮೇಲೆ ನಮೂನೆ ತೆಗೆದುಕೊಂಡು ರುಜು ಮಾಡಿದಳು.

ಎಂಟೂ ಊರಿನ ಪಟ್ಟಿ ಮತ್ತೆ ಬಂತು. ಆರಿದ್ರಾ ಹುಟ್ಟುವುದಕ್ಕೆ ಮೂರು ದಿನ ಮೊದಲು ತಗ್ಗಿನಕಟ್ಟೆಯ ಹಟ್ಟಿಗೆ ಬೀಜ ಹೋಯಿತು.

ಸಮಿತಿಗೆ ಮುಖ್ಯ ಕಚೇರಿಯಿಂದ ಪ್ರಶಂಸಾ ಪತ್ರ ಬಂತು. ಮೂವರೂ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಈಶ್ವರಮ್ಮನಿಗೆ ಬಂದದ್ದು ಮೆಮೊ: ಪಟ್ಟಿಯನ್ನು ಪದ್ಧತಿಗೆ ವಿರುದ್ಧವಾಗಿ ತಲೆಕೆಳಗು ಹೊಡೆದು, ದೇವರನ್ನು ಕೊನೆಗೆ ಹಾಕಿ ಭಕ್ತರ ಮನಸ್ಸಿಗೆ ನೋವುಂಟುಮಾಡಿದ್ದಕ್ಕೆ ಕಾರಣ ಕೇಳಿ. ಅವಳು ಉತ್ತರ ಬರೆದು ನನಗೆ ಓದಿಸಿದಳು. "ಈಗ ಕೊನೆಯವರ ಹೆಸರೂ ಬರುತ್ತದಾದ್ದರಿಂದ ದೇವರನ್ನು ಎಲ್ಲಿ ಬೇಕಾದರೂ ಹಾಕಲು ಅಡ್ಡಿಯಿಲ್ಲ" ಎಂದಿತ್ತು. ಅದು ಫೈಲಿಗೆ ಹೋಯಿತು. ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಬೇರೆ ಯಾರೂ ಆ ಯಂತ್ರದ ಮುಂದೆ ಕೂರಲು ಒಪ್ಪುತ್ತಿರಲಿಲ್ಲ. ಕಾಯಂ ಕೂಡ ಮಾಡಲಿಲ್ಲ.

ಕಾರ್ತೀಕದಲ್ಲಿ ಒಂದು ಸಂಜೆ ಕ್ಯಾತಮ್ಮ ಮನೆ ಹುಡುಕಿಕೊಂಡು ಬಂದಳು. ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಹಸಿ ಕಡಲೆಕಾಯಿಯ ಚೀಲ. ಓಬಳಮ್ಮ ಮೊರ ತಂದಿಟ್ಟಳು. ಕ್ಯಾತಮ್ಮ ಚೀಲ ಸುರಿದಳು.

"ಸಾಕು ಬುಡಜ್ಜಿ, ನಿಮ್ಮ ಮಕ್ಕಳಿಗೂ ಇರ್ಲಿ" ಎಂದಳು ಈಶ್ವರಮ್ಮ.

"ಸುಮ್ಕಿರು" ಎಂದು ಕ್ಯಾತಮ್ಮ ಚೀಲವನ್ನು ತಲೆಕೆಳಗು ಹಿಡಿದು, ಎರಡು ಮೂಲೆಗೂ ಬೆರಳು ತೂರಿಸಿ, ಪಟಪಟನೆ ಕೊಡವಿದಳು. ಮಣ್ಣಿನ ಜೊತೆ ಎರಡು ಕಾಯಿ ಬಿದ್ದವು.